ನಮ್ಮೂರಿನ ಅಪಾಯಗಳ ಪಟ್ಟಿ ಯಾರ ಬಳಿ ಇದೆ?

1993ರ ಸೆಪ್ಟೆಂಬರ್ 30. ಗಣಪತಿ ವಿಸರ್ಜನೆಯ ಮೆರವಣಿಗೆ ಮುಗಿಸಿ ತಡರಾತ್ರಿ ಮನೆ ಸೇರಿದ ಕಿಲ್ಲಾರಿಯ ಜನ ಗಾಢ ನಿದ್ದೆಯಲ್ಲಿದ್ದರು. ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನು ಕೆಲವೇ ನಿಮಿಷಗಳಿರುವಾಗ ನೆಲ ನಡುಗಿತು. ನಡುಗಿದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಅಷ್ಟರಲ್ಲಿ ಮಹಾರಾಷ್ಟ್ರದ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹತ್ತಾರು ಹಳ್ಳಿಗಳು ಕಲ್ಲುಮಣ್ಣಿನ ಗುಡ್ಡೆಗಳಾಗಿದ್ದವು. ಸುಮಾರು ಎಂಟು ಸಾವಿರ ಮಂದಿ ತಮ್ಮ ಮನೆಯ ಗೋಡೆಗಳ ಅಡಿಯಲ್ಲೇ ಸಿಕ್ಕಿ ಸತ್ತರು. ಗಡಿಯ ಈಚೆ ನಮ್ಮ ಬೀದರ್, ಗುಲ್ಬರ್ಗಾ ಜಿಲ್ಲೆಗಳ ಜನರೂ ಬೆಚ್ಚಿಬಿದ್ದು ಬೀದಿಗೆ ಓಡಿ ಬಂದರು.

ಆ ಭೂಕಂಪದ ಪ್ರಮಾಣ 6.2. ಅದಕ್ಕೆ ನಾಲ್ಕು ವರ್ಷ ಮೊದಲು, 1989ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಭೂಕಂಪದ ಪ್ರಮಾಣ 6.9. ಅಂದರೆ ಹೊರಬಿದ್ದ ಶಕ್ತಿ ಕಿಲ್ಲಾರಿಯದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಆದರೆ ಅಲ್ಲಿ ಸತ್ತವರು 63 ಮಂದಿ. ಇದೇಕೆ ಹೀಗೆ?

ಉತ್ತರ ಕಿಲ್ಲಾರಿಯ ಮನೆಗಳಲ್ಲಿದೆ. ಎರಡು ಅಡಿಗೂ ಮಿಗಿಲಾದ ದಪ್ಪದ, ಕೆಸರುಮಣ್ಣಿನಲ್ಲಿ ಕೂರಿಸಿದ ಕಾಡುಗಲ್ಲಿನ ಗೋಡೆಗಳು. ಮೇಲೆ ಮರದ ತೊಲೆ, ಅದರ ಮೇಲೆ ಬಿಸಿಲು ತಡೆಯಲು ಹೇರಿದ ಮಣ್ಣಿನ ದಪ್ಪ ಪದರ. ಎರಡು ಅಡಿ ದಪ್ಪ, ಹತ್ತು ಅಡಿ ಎತ್ತರದ ಇಂಥ ಗೋಡೆಯ ಮೂರಡಿ ಉದ್ದದ ತುಂಡೊಂದೇ ಸುಮಾರು ನಾಲ್ಕು ಟನ್ ತೂಗುತ್ತದೆ. ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೂ ಗೊತ್ತು. ನೆಲ ಅಲುಗಿದಾಗ ಗೋಡೆ ಎಷ್ಟು ಭಾರವೋ ಅದರ ಮೇಲೆ ಬೀಳುವ ಬಲವೂ ಅಷ್ಟು ಹೆಚ್ಚು. ಹಿಡಿದಿಡಲು ಇದ್ದುದು ಒಣಗಿದ ಮಣ್ಣು ಮಾತ್ರ. ಬೇಸಗೆಯಲ್ಲಿ ತಂಪು, ಕಳ್ಳಕಾಕರಿಂದ ರಕ್ಷಣೆ ಎಂದು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಗೋಡೆಯೇ ಗೋರಿಯಾಯಿತು.

ಇನ್ನೊಂದು ಸಂಗತಿಯೂ ಇದೆ. ಆಗ ಬಳಕೆಯಲ್ಲಿದ್ದ ದೇಶದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದುದು ಒಂದನೆಯ ವಲಯದಲ್ಲಿ, ಎಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ. ಹಿಂದಿನ ವರ್ಷ, 1992ರಲ್ಲಿ, ಅದೇ ಊರಿನಲ್ಲಿ ಸಣ್ಣಪುಟ್ಟ ಕಂಪನಗಳು ಮತ್ತೆ ಮತ್ತೆ ಆಗಿದ್ದವು. ಜನ ಹೆದರಿದ್ದರು, ಕೆಲದಿನ ಹೊರಗೆ ಮಲಗಿದ್ದರು, ಆಮೇಲೆ ಮರೆತಿದ್ದರು. 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಭೂಕಂಪದ ಭಯವೇ ಇಲ್ಲದ ಜಾಗ ಎಂಬುದೊಂದು ನಮ್ಮ ದೇಶದಲ್ಲಿಲ್ಲ ಎಂಬ ಪಾಠಕ್ಕೆ ತೆತ್ತ ಬೆಲೆ ಬಹಳ ದೊಡ್ಡದು.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಬಾಗಿಲು ಮೊದಲೇ ಹಾಕಬೇಕಾದರೆ ಕಳ್ಳ ಯಾವ ದಿಕ್ಕಿನಿಂದ ಬರಬಹುದು ಎಂಬುದು ತಿಳಿದಿರಬೇಕು. ಒಂದು ಊರು, ಒಂದು ಬಡಾವಣೆ, ಒಂದು ಶಾಲೆ ತನಗೆ ಯಾವ ಯಾವ ಅಪಾಯಗಳಿವೆ ಎಂದು ಮುಂಚಿತವಾಗಿ ಪಟ್ಟಿ ಮಾಡಿ, ತೂಗಿ ನೋಡಿ, ಸಿದ್ಧವಾಗುವ ವಿಧಾನವೊಂದಿದೆ. ಅದಕ್ಕೆ ದೊಡ್ಡ ಯಂತ್ರ ಬೇಡ, ದೊಡ್ಡ ಹಣವೂ ಬೇಡ. ಕಾಗದ, ಪೆನ್ಸಿಲ್, ಊರು ಸುತ್ತುವ ಕಾಲು ಮತ್ತು ಹಿರಿಯರ ಮಾತಿಗೆ ಕಿವಿ, ಇಷ್ಟಿದ್ದರೆ ಸಾಕು.

ಅಪಾಯ ಬೇರೆ, ಅನಾಹುತ ಬೇರೆ

ಮೊದಲು ಮಾತುಗಳನ್ನು ಸ್ಪಷ್ಟ ಮಾಡಿಕೊಳ್ಳಬೇಕು. ದಿನಬಳಕೆಯಲ್ಲಿ ಅಪಾಯ, ಅನಾಹುತ ಎರಡನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ವಿಜ್ಞಾನಕ್ಕೆ ಅವು ಬೇರೆ ಬೇರೆ. ಹೊಳೆಯಲ್ಲಿ ನೆರೆ ಬರುವುದು ಅಪಾಯ. ಯಾರೂ ವಾಸವಿಲ್ಲದ ಕಾಡಿನ ನಡುವೆ ನೆರೆ ಬಂದು ಇಳಿದರೆ ಅದು ಅನಾಹುತವಲ್ಲ, ಪ್ರಕೃತಿಯ ಒಂದು ಘಟನೆ ಅಷ್ಟೆ. ಅದೇ ನೆರೆ ಹೊಳೆಯ ಪಾತ್ರದಲ್ಲೇ ಕಟ್ಟಿದ ಮನೆಗಳನ್ನು ಹೊಕ್ಕರೆ ಅನಾಹುತ.

ಎಂದರೆ ಅನಾಹುತಕ್ಕೆ ಮೂರು ಸಂಗತಿಗಳು ಕೂಡಿ ಬರಬೇಕು. ಒಂದು, ಅಪಾಯ. ಎರಡು, ಅದರ ದಾರಿಯಲ್ಲಿ ಜನ, ಮನೆ, ದನಕರು ಇರುವುದು. ಮೂರು, ಅದನ್ನು ತಡೆದುಕೊಳ್ಳಲಾರದ ದುರ್ಬಲತೆ. ಮಳೆಯನ್ನು ಯಾರೂ ನಿಲ್ಲಿಸಲಾರರು, ಭೂಮಿಯ ನಡುಕವನ್ನಂತೂ ಸಾಧ್ಯವೇ ಇಲ್ಲ. ಆದರೆ ಎರಡನೆಯದು ಮತ್ತು ಮೂರನೆಯದು ಬಹುಮಟ್ಟಿಗೆ ಮನುಷ್ಯರ ಕೈಯಲ್ಲಿವೆ.

ಒಂದೇ ಬೀದಿಯ ಎಲ್ಲರಿಗೂ ಅಪಾಯ ಒಂದೇ ಸಮ ಎಂದುಕೊಳ್ಳುವುದೂ ತಪ್ಪು. ನೀರು ಏರಿದಾಗ ಮಾಳಿಗೆ ಮನೆಯವರು ಮೇಲೆ ಹತ್ತುತ್ತಾರೆ. ಹೆಂಚಿನ ಮನೆಯ ಮೂಲೆಯಲ್ಲಿ ಮಲಗಿರುವ ಅಜ್ಜಿಯನ್ನು ಯಾರು ಎತ್ತಬೇಕು? ಕಿವಿ ಕೇಳದವರಿಗೆ ಡಂಗುರದ ಸದ್ದು ಮುಟ್ಟುವುದು ಹೇಗೆ? ಬಸುರಿ ಹೆಂಗಸರು, ಪಾಳಿ ಕೆಲಸಕ್ಕೆ ಹೋದ ಅಪ್ಪ ಅಮ್ಮಂದಿರ ಮಕ್ಕಳು, ಕನ್ನಡ ಬಾರದ ವಲಸೆ ಕೂಲಿಕಾರರು, ಹಟ್ಟಿಯಲ್ಲಿ ಹಗ್ಗ ಕಟ್ಟಿದ ಹಸುಗಳು ಇವರೆಲ್ಲರ ಲೆಕ್ಕ ಪಟ್ಟಿಯಲ್ಲಿ ಬರಬೇಕು. ಈ ಲೆಕ್ಕವಿಲ್ಲದ ಯೋಜನೆ ಗಟ್ಟಿಮುಟ್ಟಾದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ ಒಂದು: ಹಿರಿಯರ ನೆನಪು

ಪಟ್ಟಿಯ ಮೊದಲ ಸಾಲುಗಳನ್ನು ಬರೆಯಬೇಕಾದದ್ದು ಊರಿನ ಹಿರಿಯರನ್ನು ಕೇಳಿ. ಹೊಳೆ ಯಾವ ವರ್ಷ ಯಾವ ಮೆಟ್ಟಿಲವರೆಗೆ ಬಂದಿತ್ತು? ಕೆರೆ ಕೋಡಿ ಹರಿದಾಗ ಮೊದಲು ಮುಳುಗಿದ ಕೇರಿ ಯಾವುದು? ಬಣವೆಗೆ ಬೆಂಕಿ ಬಿದ್ದಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಇಂಥ ವಿವರ ಯಾವ ಕಚೇರಿಯ ಕಡತದಲ್ಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ನೆನಪಿಗೆ ಎಂಥ ಶಕ್ತಿಯಿದೆ ಎಂಬುದಕ್ಕೆ ಇಂಡೊನೇಷ್ಯಾದ ಸಿಮಿಲು ದ್ವೀಪ ಸಾಕ್ಷಿ. 1907ರಲ್ಲಿ ಅಲ್ಲಿಗೆ ಸುನಾಮಿ ಅಪ್ಪಳಿಸಿ ಬಹಳ ಜನ ಸತ್ತಿದ್ದರು. ಅಂದಿನಿಂದ ದ್ವೀಪದ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಕಥೆಯಾಗಿ, ಜೋಗುಳವಾಗಿ ಒಂದೇ ಮಾತು ಹೇಳುತ್ತ ಬಂದರು. ನೆಲ ಜೋರಾಗಿ ಅಲುಗಿ ಆಮೇಲೆ ಕಡಲು ಹಿಂದೆ ಸರಿದರೆ ಅದು ‘ಸ್ಮಾಂಗ್’, ಗುಡ್ಡಕ್ಕೆ ಓಡಬೇಕು. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಸುನಾಮಿ ಹುಟ್ಟಿದ ಜಾಗಕ್ಕೆ ಈ ದ್ವೀಪ ಬಹಳ ಹತ್ತಿರವಿತ್ತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ದ್ವೀಪದಲ್ಲಿ ಸತ್ತವರು ಏಳೇ ಮಂದಿ. ಸೈರನ್ ಇರಲಿಲ್ಲ, ರೇಡಿಯೊ ಎಚ್ಚರಿಕೆ ಇರಲಿಲ್ಲ. ಇದ್ದದ್ದು 97 ವರ್ಷ ಹಳೆಯ ನೆನಪು.

ಆದರೆ ನೆನಪಿಗೂ ಮಿತಿಯಿದೆ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಒಮ್ಮೆ ಬಂತಲ್ಲ, ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅನೇಕರು ತಿಳಿಯುತ್ತಾರೆ. ಗಣಿತ ಹಾಗೆ ಹೇಳುವುದಿಲ್ಲ. ಅಷ್ಟು ದೊಡ್ಡ ನೆರೆ ಯಾವುದೇ ಒಂದು ವರ್ಷ ಬರುವ ಸಂಭವ ನೂರರಲ್ಲಿ ಒಂದು ಎಂದಷ್ಟೇ ಅದರ ಅರ್ಥ. ಬಾರದಿರುವ ಸಂಭವ 0.99. ಮನೆ ಕಟ್ಟಿ ಮೂವತ್ತು ವರ್ಷ ಬಾಳುವವರು 0.99ನ್ನು ಮೂವತ್ತು ಸಲ ಗುಣಿಸಲಿ. ಸಿಗುವುದು 0.74. ಎಂದರೆ ಆ ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಅಂಥ ನೆರೆ ಮನೆಯಂಗಳಕ್ಕೆ ಬರುವ ಸಂಭವ ಸುಮಾರು 26 ಶೇಕಡ. ನಾಲ್ಕರಲ್ಲಿ ಒಂದು ಪಾಲು! ಕಡಿಮೆಯೇನಲ್ಲ.

ಹೆಜ್ಜೆ ಎರಡು: ಊರು ಸುತ್ತಿ ನಕ್ಷೆ

ಎರಡನೆಯ ಹೆಜ್ಜೆ ನಡೆದೇ ಇಡಬೇಕು. ನಾಲ್ಕಾರು ವಿದ್ಯಾರ್ಥಿಗಳು, ಜೊತೆಗೆ ಒಬ್ಬರಿಬ್ಬರು ದೊಡ್ಡವರು ಊರು ಸುತ್ತಿ ಕಂಡದ್ದನ್ನೆಲ್ಲ ಕೈನಕ್ಷೆಯಲ್ಲಿ ಗುರುತು ಮಾಡಬೇಕು. ಹೊಳೆ, ಕೆರೆ ಏರಿ, ಕಟ್ಟಿಹೋದ ಮೋರಿ, ವಾಲಿದ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಮುಚ್ಚದೆ ಬಿಟ್ಟ ಕೊಳವೆಬಾವಿ, ಪಟಾಕಿ ದಾಸ್ತಾನು, ಪೆಟ್ರೋಲ್ ಬಂಕ್, ಶೀತಲಗೃಹದ ಅಮೋನಿಯಾ, ನೀರು ಶುದ್ಧೀಕರಣ ಘಟಕದ ಕ್ಲೋರಿನ್ ಸಿಲಿಂಡರ್ ಇವೆಲ್ಲ ಒಂದು ಬಣ್ಣದಲ್ಲಿ. ಆಸ್ಪತ್ರೆ, ಎತ್ತರದ ಬಯಲು, ಗಟ್ಟಿ ಕಟ್ಟಡ, ಕೈಪಂಪು, ಟ್ರ್ಯಾಕ್ಟರ್ ಇರುವ ಮನೆ, ದೋಣಿ ಇರುವ ಮನೆ, ದಾದಿ ವಾಸವಿರುವ ಮನೆ ಇವು ಇನ್ನೊಂದು ಬಣ್ಣದಲ್ಲಿ. ಅಪಾಯದ ಜೊತೆಗೆ ಊರಿನ ಶಕ್ತಿಯೂ ನಕ್ಷೆಯಲ್ಲಿ ಕಾಣಬೇಕು.

ಊರಿನ ಗಡಿಗೆ ನಕ್ಷೆ ನಿಲ್ಲಬಾರದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿತೀರದ ಹಳ್ಳಿಗಳಲ್ಲಿ ಒಂದು ಹನಿ ಮಳೆ ಬೀಳದಿದ್ದಾಗಲೂ ಕೃಷ್ಣೆ ಉಕ್ಕುವುದುಂಟು. ಮಳೆ ಸುರಿದಿರುವುದು ನೂರಾರು ಕಿಲೋಮೀಟರ್ ಆಚೆ ಮಹಾರಾಷ್ಟ್ರದ ಘಟ್ಟಗಳಲ್ಲಿ. ತಲೆಯ ಮೇಲಿನ ಆಕಾಶವನ್ನಷ್ಟೇ ನೋಡಿಕೊಂಡು ಕೂತರೆ ಅಲ್ಲಿ ಮೋಸಹೋಗುತ್ತಾರೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಯಾರ ಮೂಲಕ, ಎಷ್ಟು ಹೊತ್ತಿಗೆ ಊರಿಗೆ ಮುಟ್ಟುತ್ತದೆ ಎಂಬುದೂ ಪಟ್ಟಿಯಲ್ಲಿ ಇರಬೇಕಾದ ಪ್ರಶ್ನೆ.

2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ಬಳಿಯ ಶಿರೂರಿನಲ್ಲಿ ನಡೆದದ್ದು ಇನ್ನೂ ಹತ್ತಿರದ ಪಾಠ. ಹೆದ್ದಾರಿಗಾಗಿ ಕಡಿದ ಗುಡ್ಡ ಭಾರಿ ಮಳೆಗೆ ಕುಸಿದು ರಸ್ತೆಬದಿಯ ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಅಷ್ಟು ಮಣ್ಣು ಒಮ್ಮೆಲೇ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಅಲ್ಲಿಯೂ ಸಾವು ಸಂಭವಿಸಿತು. ಗುಡ್ಡ ಇರುವುದು ಹೊಳೆಯಾಚೆ, ನಮಗೇನು ಎಂದುಕೊಳ್ಳಬಹುದಾಗಿದ್ದ ಊರದು. ಒಂದು ಅಪಾಯ ಇನ್ನೊಂದನ್ನು ಹುಟ್ಟಿಸುತ್ತದೆ. ಗುಡ್ಡ ಕುಸಿತದಿಂದ ಅಲೆ, ನೆರೆಯಿಂದ ಕುಡಿಯುವ ನೀರು ಕೆಟ್ಟು ವಾಂತಿಭೇದಿ, ಭೂಕಂಪದಿಂದ ಬೆಂಕಿ. ಪಟ್ಟಿ ಬರೆಯುವಾಗ ಪ್ರತಿ ಸಾಲಿನ ಮುಂದೆ ‘ಆಮೇಲೆ ಏನು?’ ಎಂಬ ಪ್ರಶ್ನೆ ಹಾಕಿಕೊಳ್ಳುವುದು ಇದಕ್ಕಾಗಿ.

ರಸ್ತೆಯ ಮೇಲೆ ಓಡಾಡುವ ಅಪಾಯವೂ ಇದೆ. 2013ರ ಏಪ್ರಿಲ್‌ನಲ್ಲಿ ಮಂಗಳೂರು–ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ, ಅನಿಲ ಹರಡಿ, ಬೆಂಕಿ ಹತ್ತಿ ಹಲವರು ಪ್ರಾಣ ಕಳೆದುಕೊಂಡರು. ಅಪಾಯಕಾರಿ ವಸ್ತು ಸಾಗಿಸುವ ಲಾರಿಗಳ ಹಿಂದೆ, ಬದಿಯಲ್ಲಿ ಒಂದು ಫಲಕವಿರುತ್ತದೆ. ಅದರಲ್ಲಿ ನಾಲ್ಕಂಕಿಯ ಒಂದು ಸಂಖ್ಯೆಯನ್ನು ವಿದ್ಯಾರ್ಥಿಗಳು ನೋಡಿರಬಹುದು. ವಿಶ್ವಸಂಸ್ಥೆ ನಿಗದಿ ಮಾಡಿದ ಸಂಖ್ಯೆ ಅದು. 1203 ಎಂದರೆ ಪೆಟ್ರೋಲ್, 1005 ಎಂದರೆ ಅಮೋನಿಯಾ, 1017 ಎಂದರೆ ಕ್ಲೋರಿನ್. ಅಪಘಾತವಾದಾಗ ದೂರದಿಂದಲೇ ಈ ಸಂಖ್ಯೆ ಓದಿ ಅಗ್ನಿಶಾಮಕ ದಳಕ್ಕೆ ತಿಳಿಸಿದರೆ ಅವರು ಯಾವ ಸಲಕರಣೆ ತರಬೇಕೆಂಬುದು ಮೊದಲೇ ಗೊತ್ತಾಗುತ್ತದೆ. ಹತ್ತಿರ ಹೋಗಿ ನೋಡುವುದು ಮಾತ್ರ ಎಂದಿಗೂ ಕೂಡದು.

ಹೆಜ್ಜೆ ಮೂರು: ತೂಗಿ ನೋಡುವುದು

ಪಟ್ಟಿ ಉದ್ದವಾದಂತೆ ಗಾಬರಿ ಹೆಚ್ಚುತ್ತದೆ. ಎಲ್ಲಕ್ಕೂ ಒಂದೇ ದಿನ ಸಿದ್ಧರಾಗಲು ಸಾಧ್ಯವೆ? ಅದಕ್ಕಾಗಿ ಅಂಕ ಕೊಡುವ ಪದ್ಧತಿ ಇದೆ. ಪ್ರತಿ ಅಪಾಯಕ್ಕೂ ಎರಡು ಅಂಕ. ಸಂಭವ ಎಷ್ಟು ಎಂಬುದಕ್ಕೆ ಒಂದರಿಂದ ಐದು. ಸಂಭವಿಸಿದರೆ ಹಾನಿ ಎಷ್ಟು ಎಂಬುದಕ್ಕೆ ಒಂದರಿಂದ ಐದು. ಎರಡನ್ನೂ ಗುಣಿಸಿದರೆ ಆ ಅಪಾಯದ ತೂಕ ಸಿಗುತ್ತದೆ.

ಉದಾಹರಣೆಗೆ ಹೊಳೆದಂಡೆಯಲ್ಲಿ, ಹೆದ್ದಾರಿಗೆ ಹತ್ತಿರವಿರುವ ಒಂದು ಊರನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿನ ಪಟ್ಟಿ ಹೀಗಿರಬಹುದು:

ನೆರೆ – ಸಂಭವ 4, ಹಾನಿ 4, ತೂಕ 16
ಸಿಡಿಲು – ಸಂಭವ 5, ಹಾನಿ 3, ತೂಕ 15
ಹಾವು ಕಡಿತ – ಸಂಭವ 5, ಹಾನಿ 2, ತೂಕ 10
ಅನಿಲ ಟ್ಯಾಂಕರ್ ಅಪಘಾತ – ಸಂಭವ 2, ಹಾನಿ 5, ತೂಕ 10
ಬಣವೆ, ಗುಡಿಸಲಿಗೆ ಬೆಂಕಿ – ಸಂಭವ 4, ಹಾನಿ 2, ತೂಕ 8
ಭೂಕಂಪ – ಸಂಭವ 1, ಹಾನಿ 5, ತೂಕ 5

ಅಂಕಗಳನ್ನು ಒಬ್ಬರೇ ಕೂತು ಕೊಡಬಾರದು. ಹೊಲಕ್ಕೆ ಹೋಗುವ ಹೆಂಗಸರು ಸಿಡಿಲಿಗೆ ಐದು ಕೊಡಬಹುದು, ಅಂಗಡಿಯಲ್ಲಿ ಕೂರುವವರು ಎರಡು ಕೊಡಬಹುದು. ಈ ಜಗಳ ಒಳ್ಳೆಯದೇ. ಯಾರ ಪಾಲಿಗೆ ಯಾವುದು ದೊಡ್ಡ ಅಪಾಯ ಎಂಬುದು ಇಂಥ ವಾದದಲ್ಲೇ ಹೊರಬೀಳುವುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯ ಮಾತು. ಪಟ್ಟಿಯ ತಳದಲ್ಲಿ ಭೂಕಂಪ ಕೂತಿದೆ. ತೂಕ ಬರೀ ಐದು. ಇದನ್ನು ಹೊಡೆದುಹಾಕಿದರೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ಕಿಲ್ಲಾರಿಯನ್ನು ಹಳೆಯ ನಕ್ಷೆ ಇಟ್ಟಿದ್ದುದು ಹೆಚ್ಚುಕಡಿಮೆ ಇದೇ ಸಾಲಿನಲ್ಲಿ! ಆದ್ದರಿಂದ ಗುಣಾಕಾರದ ಜೊತೆಗೆ ಇನ್ನೊಂದು ನಿಯಮ ಬೇಕು. ಹಾನಿಯ ಅಂಕ ಐದು ಇರುವ ಯಾವ ಅಪಾಯವನ್ನೂ, ಅದರ ಸಂಭವ ಎಷ್ಟೇ ಕಡಿಮೆ ಇರಲಿ, ಪಟ್ಟಿಯಿಂದ ತೆಗೆಯಕೂಡದು. ಅದಕ್ಕೆ ಬಹಳ ಖರ್ಚು ಮಾಡಬೇಕಿಲ್ಲ. ಹೊಸ ಮನೆ ಕಟ್ಟುವಾಗ ಬಾಗಿಲು ಕಿಟಕಿಗಳ ಮೇಲೆ ಗೋಡೆಗಳನ್ನೆಲ್ಲ ಸುತ್ತುವರಿದು ಹಿಡಿಯುವ ಕಾಂಕ್ರೀಟ್ ಪಟ್ಟಿ ಹಾಕುವುದು, ಭಾರದ ಬೀರುವನ್ನು ಗೋಡೆಗೆ ಬಿಗಿಯುವುದು, ಮಂಚದ ತಲೆಯ ಮೇಲೆ ಅಟ್ಟದ ಸಾಮಾನು ಇಡದಿರುವುದು ಇಷ್ಟರಿಂದಲೂ ಜೀವ ಉಳಿಯುತ್ತದೆ.

ಹೆಜ್ಜೆ ನಾಲ್ಕು: ಯಾರು, ಏನು, ಎಲ್ಲಿ

ಪಟ್ಟಿ ಗೋಡೆಗೆ ನೇತುಹಾಕಲು ಅಲ್ಲ. ಪ್ರತಿ ಸಾಲಿನ ಮುಂದೆ ಯಾರು ಏನು ಮಾಡಬೇಕೆಂದು ಬರೆಯಬೇಕು. ಎಚ್ಚರಿಕೆ ಕೊಡುವವರು ಯಾರು? ಎಲ್ಲಿ ಸೇರಬೇಕು? ನಡೆಯಲಾರದವರನ್ನು ಕರೆತರುವ ಹೊಣೆ ಯಾರದು? ದನಗಳ ಹಗ್ಗ ಬಿಚ್ಚುವವರು ಯಾರು? ಹೊಣೆ ಎಲ್ಲರದೂ ಎಂದರೆ ಯಾರದೂ ಅಲ್ಲ ಎಂದೇ ಅರ್ಥ.

ಈ ಕೆಲಸ ಮಾಡಿ ಫಲ ಕಂಡ ರಾಜ್ಯ ಒಡಿಶಾ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತರು. ಗಾಳಿ ಬರುವುದು ಮೊದಲೇ ತಿಳಿದಿತ್ತು. ಆದರೆ ಎಲ್ಲಿಗೆ ಹೋಗಬೇಕು ಎಂಬುದೇ ಬಹುಪಾಲು ಜನರಿಗೆ ತಿಳಿದಿರಲಿಲ್ಲ, ಹೋಗಲು ಸಾಕಷ್ಟು ಗಟ್ಟಿ ಕಟ್ಟಡಗಳೂ ಇರಲಿಲ್ಲ. ಆಮೇಲೆ ಆ ರಾಜ್ಯ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿತು. ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿ ಅಭ್ಯಾಸ ಮಾಡಿಸಿತು. 2013ರ ಅಕ್ಟೋಬರ್‌ನಲ್ಲಿ ಫೈಲಿನ್, 2019ರ ಮೇ ತಿಂಗಳಲ್ಲಿ ಫನಿ ಎಂಬ ಭೀಕರ ಚಂಡಮಾರುತಗಳು ಬಂದಾಗ ಪ್ರತಿ ಸಲವೂ ಹತ್ತು ಲಕ್ಷದಷ್ಟು ಜನರನ್ನು ಮುಂಚೆಯೇ ಸ್ಥಳಾಂತರಿಸಲಾಯಿತು. ಸಾವಿನ ಸಂಖ್ಯೆ ಸಾವಿರಗಳಿಂದ ಹತ್ತುಗಳಿಗೆ ಇಳಿಯಿತು. ಮನೆ, ಮರ, ಬೆಳೆ ನಾಶವಾದವು, ನಿಜ. ಆದರೆ ಜನ ಉಳಿದರು.

ನಮ್ಮಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು. ಜಿಲ್ಲಾಧಿಕಾರಿಗಳು ಅದರ ಪ್ರಾಧಿಕಾರದ ಅಧ್ಯಕ್ಷರು. ಆದರೆ ಯಾವ ಕೇರಿಯ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ಜಿಲ್ಲಾ ಕಚೇರಿಗೆ ಹೇಗೆ ತಿಳಿಯಬೇಕು? ಅದನ್ನು ಊರೇ ಹೇಳಬೇಕು. ಊರಿನವರು ಸಿದ್ಧಪಡಿಸಿದ ಪಟ್ಟಿ, ನಕ್ಷೆಗಳ ಒಂದೊಂದು ಪ್ರತಿ ಗ್ರಾಮ ಪಂಚಾಯಿತಿ, ಶಾಲೆ, ಆರೋಗ್ಯ ಕೇಂದ್ರ ಮತ್ತು ಪೊಲೀಸ್ ಠಾಣೆಯಲ್ಲಿ ಇರುವಂತೆ ನೋಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಶಾಲೆಯೊಳಗಿನ ಪಟ್ಟಿ

ಪೋಷಕರು ಗಮನಿಸಬೇಕಾದ ಮಾತು ಇದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಮಧ್ಯಾಹ್ನದ ಅಡುಗೆಯ ಒಲೆಯಿಂದ ಎದ್ದ ಬೆಂಕಿ ಹುಲ್ಲಿನ ಛಾವಣಿಗೆ ಹತ್ತಿ 94 ಮಕ್ಕಳು ಸುಟ್ಟು ಸತ್ತರು. ಅಲ್ಲಿದ್ದ ಅಪಾಯ ಯಾವುದೂ ಗುಟ್ಟಿನದಲ್ಲ. ಛಾವಣಿ ಹುಲ್ಲಿನದು, ಅಡುಗೆಮನೆ ಪಕ್ಕದಲ್ಲೇ, ಹೊರಹೋಗುವ ದಾರಿ ಇಕ್ಕಟ್ಟು. ಪ್ರತಿದಿನ ನೂರಾರು ಜನ ನೋಡುತ್ತಿದ್ದರು. ಯಾರೂ ಪಟ್ಟಿ ಮಾಡಿರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಸುರಕ್ಷತೆಯ ಬಗ್ಗೆ ತೀರ್ಪು ಕೊಟ್ಟು, ಬೆಂಕಿ ನಂದಿಸುವ ಸಲಕರಣೆ ಮತ್ತು ಅದನ್ನು ಬಳಸಲು ಸಿಬ್ಬಂದಿಗೆ ತರಬೇತಿ ಇರಲೇಬೇಕು ಎಂದಿತು.

ಮಗುವನ್ನು ಶಾಲೆಗೆ ಸೇರಿಸುವಾಗ ಫಲಿತಾಂಶ ಎಷ್ಟು ಶೇಕಡ ಎಂದು ಕೇಳುವ ತಂದೆತಾಯಿಗಳು ಎರಡನೆಯ ಬಾಗಿಲು ಎಲ್ಲಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂದೂ ಕೇಳುವಂತಾಗಬೇಕು. ತರಗತಿಯ ಬಾಗಿಲು ಹೊರಕ್ಕೆ ತೆರೆಯುತ್ತದೆಯೆ? ಮೆಟ್ಟಿಲಿನ ಕೆಳಗೆ ಹಳೆಯ ಬೆಂಚು, ಕಾಗದ ತುಂಬಿದ್ದಾರೆಯೆ? ಪ್ರಯೋಗಾಲಯದ ಆಮ್ಲದ ಸೀಸೆಗಳು ಮೇಲಿನ ಅರೆಯಲ್ಲಿವೆಯೋ ಕೆಳಗೋ? ಶಾಲೆಯ ಬಸ್ಸಿನ ತುರ್ತು ಬಾಗಿಲು ನಿಜಕ್ಕೂ ತೆರೆಯುತ್ತದೆಯೆ? ಈ ಪ್ರಶ್ನೆಗಳಿಗೆ ಯಾವ ಒಳ್ಳೆಯ ಶಾಲೆಯೂ ಬೇಸರಪಡುವುದಿಲ್ಲ.

ಸಿಡಿಲಿನ ಕಾಲದಲ್ಲಿ ಮಕ್ಕಳೇ ಬಳಸಬಹುದಾದ ಲೆಕ್ಕವೊಂದಿದೆ. ಶಬ್ದ ಗಾಳಿಯಲ್ಲಿ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡ್ ಬೇಕು. ಮಿಂಚು ಕಂಡ ಕೂಡಲೇ ಎಣಿಸತೊಡಗಿ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಎಣಿಕೆ ಮೂವತ್ತು ಮುಟ್ಟುವ ಮೊದಲೇ ಗುಡುಗಿದರೆ ದೂರ ಹತ್ತು ಕಿಲೋಮೀಟರ್‌ಗಿಂತ ಕಡಿಮೆ. ಆಟದ ಬಯಲು, ಹೊಲ, ಮರದಡಿ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ಬಳಿಕ ಮೂವತ್ತು ನಿಮಿಷ ಹೊರಗೆ ಬರಬಾರದು.

ನಕ್ಷೆಯೂ ತಪ್ಪಬಹುದು

ಇಷ್ಟೆಲ್ಲ ಮಾಡಿದ ಮೇಲೂ ಪಟ್ಟಿ ಪೂರ್ಣವಾಯಿತು ಎಂದು ನಂಬಿ ಕೂರಬಾರದು. ಇದನ್ನು ಜಗತ್ತಿಗೆ ಕಲಿಸಿಕೊಟ್ಟವರು ಜಪಾನಿನ ಕಾಮಾಯಿಶಿ ಪಟ್ಟಣದ ಶಾಲಾ ಮಕ್ಕಳು. ಸುನಾಮಿ ಎಲ್ಲಿಯವರೆಗೆ ಬರಬಹುದು ಎಂಬ ನಕ್ಷೆಯನ್ನು ಆ ಪಟ್ಟಣ ಮೊದಲೇ ಮಾಡಿಕೊಂಡಿತ್ತು. ಉನೋಸುಮಾಯಿ ಭಾಗದ ಎರಡು ಶಾಲೆಗಳು ಆ ಗೆರೆಯ ಹೊರಗೆ, ಎಂದರೆ ಸುರಕ್ಷಿತ ಎನಿಸಿದ ಜಾಗದಲ್ಲಿದ್ದವು. ಆದರೂ ಪ್ರಾಧ್ಯಾಪಕ ತೋಶಿತಾಕಾ ಕತಾದಾ ಹಲವು ವರ್ಷ ಅಲ್ಲಿಯ ಮಕ್ಕಳಿಗೆ ಮೂರು ಮಾತು ಕಲಿಸಿದ್ದರು. ಅಂದಾಜನ್ನು ಪೂರ್ತಿ ನಂಬಬೇಡಿ. ಆ ಹೊತ್ತಿಗೆ ನಿಮ್ಮಿಂದಾದಷ್ಟನ್ನೂ ಮಾಡಿ. ಬೇರೆಯವರಿಗಾಗಿ ಕಾಯದೆ ನೀವೇ ಮೊದಲು ಹೊರಡಿ.

2011ರ ಮಾರ್ಚ್ 11ರ ಮಧ್ಯಾಹ್ನ ಭೂಮಿ ನಡುಗಿತು. ದೊಡ್ಡ ಮಕ್ಕಳು ಓಡತೊಡಗಿದರು. ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲೇ ಗೊತ್ತು ಮಾಡಿದ್ದ ಜಾಗವನ್ನು ತಲುಪಿದ ಮೇಲೂ ಹಿಂದಿನ ಗುಡ್ಡದ ಮಣ್ಣು ಉದುರುತ್ತಿರುವುದನ್ನು ಕಂಡು ಇನ್ನೂ ಮೇಲಕ್ಕೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಅವರ ಶಾಲೆಗಳೂ ಮೊದಲು ನಿಂತಿದ್ದ ಜಾಗವೂ ನೀರಿನ ಪಾಲಾದವು. ಆ ಇಬ್ಬರೂ ಶಾಲೆಗಳಲ್ಲಿದ್ದ ಸುಮಾರು ಆರು ನೂರು ಮಕ್ಕಳು ಬದುಕಿದರು.

ಅದೇ ಭಾಗದಲ್ಲಿ ವಿಪತ್ತು ನಿವಾರಣಾ ಕೇಂದ್ರ ಎಂಬ ಕಟ್ಟಡವೊಂದಿತ್ತು. ಸುನಾಮಿಗೆ ನಿಗದಿಯಾದ ಆಶ್ರಯ ಅದಾಗಿರಲಿಲ್ಲ. ಆದರೆ ವಯಸ್ಸಾದವರಿಗೆ ಗುಡ್ಡ ಹತ್ತುವುದು ಕಷ್ಟ, ಇಲ್ಲಾದರೆ ಹತ್ತಿರ ಎಂದು ಅಭ್ಯಾಸಗಳನ್ನು ಅಲ್ಲೇ ನಡೆಸಲಾಗುತ್ತಿತ್ತು. ಅಂದು ಜನ ಅಭ್ಯಾಸ ಮಾಡಿದಂತೆಯೇ ಅಲ್ಲಿಗೆ ಓಡಿದರು. ನೂರಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತರು. ಅನುಕೂಲಕ್ಕಾಗಿ ತಪ್ಪು ಜಾಗದಲ್ಲಿ ಮಾಡಿದ ಅಭ್ಯಾಸ ಅಭ್ಯಾಸವಿಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದು ಆ ಊರು ಕಣ್ಣೀರಿನಲ್ಲಿ ಕಲಿತ ಪಾಠ.

ಆದ್ದರಿಂದ ಪಟ್ಟಿಯನ್ನು ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ತೆಗೆದು ಓದಬೇಕು. ಹೊಸ ರಸ್ತೆ ಬಂದಿರುತ್ತದೆ, ಕೆರೆಯ ಅಂಗಳದಲ್ಲಿ ಮನೆಗಳೆದ್ದಿರುತ್ತವೆ, ಗುಡ್ಡ ಕಡಿದಿರುತ್ತಾರೆ, ದೋಣಿ ಇದ್ದವರು ಊರು ಬಿಟ್ಟಿರುತ್ತಾರೆ. ಹಳೆಯ ಪಟ್ಟಿಯಲ್ಲಿ ಇವು ಯಾವುವೂ ಇರುವುದಿಲ್ಲ.

ಭಾನುವಾರದ ಮನೆಗೆಲಸ

ಮಕ್ಕಳು ತಂದೆತಾಯಿಯರ ಜೊತೆ ಕೂತು ಒಂದು ಸಂಜೆ ಈ ಪ್ರಶ್ನೆಗಳಿಗೆ ಉತ್ತರ ಬರೆಯಬಹುದು:

1. ಅಜ್ಜ, ಅಜ್ಜಿ ಕಂಡಂತೆ ಈ ಊರಿನಲ್ಲಿ ನಡೆದ ಅತಿ ದೊಡ್ಡ ಅನಾಹುತ ಯಾವುದು? ಯಾವ ವರ್ಷ?
2. ಅದೇ ಇಂದು ರಾತ್ರಿ ನಡೆದರೆ ಅಂದಿಗಿಂತ ಹಾನಿ ಹೆಚ್ಚೋ ಕಡಿಮೆಯೋ? ಏಕೆ?
3. ಮನೆಯಿಂದ ಹೊರಬರಲು ಎರಡು ದಾರಿಗಳಿವೆಯೆ?
4. ವಿದ್ಯುತ್ತಿನ ಮುಖ್ಯ ಸ್ವಿಚ್, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚುವುದು ಮನೆಯ ಎಲ್ಲರಿಗೂ ಬರುತ್ತದೆಯೆ?
5. ಎಲ್ಲರೂ ಬೇರೆ ಬೇರೆ ಕಡೆ ಇದ್ದು ಫೋನ್ ಕೆಟ್ಟರೆ ಸೇರಬೇಕಾದ ಜಾಗ ಯಾವುದು?
6. ಅಕ್ಕಪಕ್ಕದ ಐದು ಮನೆಗಳಲ್ಲಿ ತಾವಾಗಿ ಎದ್ದು ಬರಲಾರದವರು ಯಾರಿದ್ದಾರೆ?
7. ರೇಷನ್ ಕಾರ್ಡ್, ಅಂಕಪಟ್ಟಿ, ಪಹಣಿ, ದಿನನಿತ್ಯದ ಔಷಧ ಇವೆಲ್ಲ ಒಂದೇ ಚೀಲದಲ್ಲಿ ಕೈಗೆ ಸಿಗುತ್ತವೆಯೆ?
8. 112ಕ್ಕೆ ಕರೆ ಮಾಡಿದರೆ ಮನೆಯ ವಿಳಾಸ, ಗುರುತು ಹೇಳಲು ಚಿಕ್ಕ ಮಗುವಿಗೂ ಬರುತ್ತದೆಯೆ?

ಎಲ್ಲಕ್ಕೂ ಉತ್ತರ ಸಿಗಲಿಕ್ಕಿಲ್ಲ. ಸಿಗದ ಪ್ರಶ್ನೆಗಳ ಕೆಳಗೆ ಗೆರೆ ಎಳೆದರೆ ಆ ಮನೆಯ ಅಪಾಯಗಳ ಪಟ್ಟಿ ಅಲ್ಲಿಂದಲೇ ಶುರುವಾಗುತ್ತದೆ. ಹತ್ತು ಮನೆಗಳ ಪಟ್ಟಿ ಸೇರಿದರೆ ಬೀದಿಯದು, ಹತ್ತು ಬೀದಿಗಳದು ಸೇರಿದರೆ ಊರಿನದು. 1992ರಲ್ಲಿ ನೆಲ ಅಲುಗಿದಾಗ ಕಿಲ್ಲಾರಿಯಲ್ಲಿ ಯಾರಾದರೂ ಇಂಥದೊಂದು ಪಟ್ಟಿ ಮಾಡಿ ‘ನಮ್ಮ ಗೋಡೆಗಳು’ ಎಂಬ ಸಾಲು ಬರೆದಿದ್ದರೆ, ಊರಿನವರು ಅದನ್ನು ಓದಿದ್ದರೆ, ಗೋಡೆಗಳಿಗೆ ಅಲ್ಲಲ್ಲಿ ಕಟ್ಟು ಹಾಕಲು, ಛಾವಣಿಯ ಮಣ್ಣಿನ ಭಾರ ಇಳಿಸಲು ಒಂದು ವರ್ಷದ ಸಮಯವಿತ್ತು.